ನ್ಯೂಯಾರ್ಕ್ ಬಾರ್ ಪರೀಕ್ಷೆ ಬರೆಯಲು ಎಲ್‌ಎಲ್‌ಎಂಗೆ ಯಾವ ಕಾಲೇಜು ಒಳ್ಳೆಯದು? ಅಪ್ಪ ತೋಟ ಅಡ ಇಡಲು ಒಪ್ಪಿದ್ದಾರೆ

ತೋಟದ ಮಾತು ಓದಿದ ಕೂಡಲೇ ಬರೆಯಲು ಕೂತೆ. ನಮ್ಮಲ್ಲಿ ತೋಟ ಇರಲಿಲ್ಲ, ತುಮಕೂರಿನಲ್ಲಿ ಒಂದು ಸೈಟಿತ್ತು. ಅಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ತೆಗೆದುಕೊಂಡಿದ್ದು. ಅದರ ಪತ್ರ ಬ್ಯಾಂಕಿಗೆ ಹೋಯಿತು, ನಾನು ನ್ಯೂಯಾರ್ಕಿಗೆ ಹೋದೆ. ವಕೀಲಿಕೆ ಮಾಡುತ್ತಿರುವ ನಿಮ್ಮ ಹಾಗೇ ನನಗೂ ಅಷ್ಟರಲ್ಲಿ ಕೆಲವು ವರ್ಷ ಪ್ರಾಕ್ಟೀಸ್ ಆಗಿತ್ತು. ಸೀನಿಯರ್ ಹೇಳಿದ ಕಡೆ ವಕಾಲತ್ತು ಹಾಕುವುದು, ಮುಂದಿನ ವಾಯಿದೆ ಕೇಳುವುದು, ಸಂಜೆ ಆಫೀಸಿನಲ್ಲಿ ಫೈಲು ಹೊಲಿಯುವುದು.

ಯಾವ ಕಾಲೇಜು ಅಂತ ಕೇಳಿದ್ದೀರಿ. ಅದು ಈಗ ಬೇಡ. ಬಾರ್ ಪರೀಕ್ಷೆಗೆ, ಅಂದರೆ ಅಲ್ಲಿ ವಕೀಲಿಕೆಯ ಲೈಸೆನ್ಸಿಗೆ ಬರೆಯುವ ಪರೀಕ್ಷೆಗೆ ಕೂರಲು, ನಿಮಗೆ ಎಲ್‌ಎಲ್‌ಎಂ ಅನ್ನುವ ಕಾನೂನಿನ ಸ್ನಾತಕೋತ್ತರ ಪದವಿ ಬೇಕೇ ಬೇಕು ಅಂತ ಯಾರು ಹೇಳಿದರು? ನನಗೆ ಹೇಳಿದ್ದು ಬೆಂಗಳೂರಿನ ಒಂದು ಹೋಟೆಲಿನಲ್ಲಿ ನಡೆದ ಶಿಕ್ಷಣ ಮೇಳದ ಕನ್ಸಲ್ಟೆಂಟು. ಬಣ್ಣದ ಹಾಳೆಯಲ್ಲಿ ಕಾಲೇಜುಗಳ ಪಟ್ಟಿ, ಒಂದೊಂದರ ಮುಂದೆಯೂ ‘ಬಾರ್ ಅರ್ಹತೆ’ ಅಂತ ಹಸಿರು ಟಿಕ್ಕು. ಹಾಳೆಯಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ತಮಾಷೆ.

ಎಡವಿದ್ದು ನಾನು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿದೆ. ಹೊರದೇಶದಲ್ಲಿ ಕಾನೂನು ಓದಿದವರ ಬಗ್ಗೆ ನ್ಯೂಯಾರ್ಕಿನ ಅತ್ಯುನ್ನತ ಕೋರ್ಟಾದ ಕೋರ್ಟ್ ಆಫ್ ಅಪೀಲ್ಸ್ ಮಾಡಿರುವ ನಿಯಮ 520.6. ಅದನ್ನು ನಾನು ಓದಿಲ್ಲ ಅಂತಲ್ಲ. ಓದಿದ್ದೆ. ಆದರೆ ಓದಿದ್ದು ಎಲ್‌ಎಲ್‌ಎಂ ಹೇಗಿರಬೇಕು ಅನ್ನುವ ಭಾಗ ಮಾತ್ರ. ಒಟ್ಟು 24 ಕ್ರೆಡಿಟ್ ಇರಬೇಕು. ಅದರಲ್ಲಿ ವಕೀಲರ ವೃತ್ತಿಧರ್ಮಕ್ಕೆ 2, ಲೀಗಲ್ ರೈಟಿಂಗಿಗೆ 2, ಅಮೆರಿಕದ ಕಾನೂನು ವ್ಯವಸ್ಥೆಗೆ 2, ಪರೀಕ್ಷೆಗೆ ಬರುವ ವಿಷಯಗಳಿಗೆ 6. ಆನ್‌ಲೈನ್ ನಡೆಯುವುದಿಲ್ಲ, ಅಲ್ಲೇ ಹೋಗಿ ಕೂತು ಓದಬೇಕು. ಇದೆಲ್ಲ ನನಗೆ ಬಾಯಿಪಾಠ. ಅದಕ್ಕಿಂತ ಮೇಲಿನ ಭಾಗ ಮಾತ್ರ ಓದಲೇ ಇಲ್ಲ.

ಮೇಲೆ ಏನಿದೆ? ನೀವು ಓದಿದ ದೇಶದ ಕಾನೂನಿಗೆ ಇಂಗ್ಲೆಂಡಿನ ಕಾಮನ್ ಲಾ (ಕೋರ್ಟುಗಳ ತೀರ್ಪಿನಿಂದ ಬೆಳೆದು ಬಂದ ಕಾನೂನು) ಬುನಾದಿಯಾಗಿದೆಯಾ? ನಿಮ್ಮ ಕೋರ್ಸು ಅವಧಿಯಲ್ಲಿ ಅಲ್ಲಿನ ಕಾನೂನು ಪದವಿಗೆ ಸಮನಾ? ಎರಡಕ್ಕೂ ಹೌದು ಅಂತಾದರೆ ನೇರವಾಗಿ ಪರೀಕ್ಷೆಗೆ ಕೂರಬಹುದು. ಎರಡರಲ್ಲಿ ಒಂದು ಕಮ್ಮಿ ಬಿದ್ದವರಿಗೆ ಮಾತ್ರ, ಆ ಕೊರತೆ ತುಂಬಿಕೊಳ್ಳಲು ಎಲ್‌ಎಲ್‌ಎಂ. ಕಕ್ಷಿದಾರ ಸೆಕ್ಷನ್ ಬಿಟ್ಟು ಅದರ ಪ್ರಾವಿಸೋ, ಅಂದರೆ ಕೆಳಗಿನ ವಿನಾಯಿತಿ ಮಾತ್ರ ಓದಿಕೊಂಡು ಬಂದು ವಾದ ಮಾಡಿದರೆ ನಾವೇ ಬೈತೀವಿ, ಅಲ್ವಾ? ವಕೀಲನಾಗಿ ನಾನು ಮಾಡಿದ್ದೂ ಅದನ್ನೇ.

ನನ್ನದು 5 ವರ್ಷದ ಬಿಎ ಎಲ್‌ಎಲ್‌ಬಿ. ಹಗಲು ಕಾಲೇಜು, ಬಾರ್ ಕೌನ್ಸಿಲ್ ಒಪ್ಪಿದ ಪದವಿ. ಎಲ್‌ಎಲ್‌ಎಂ ಮಾಡಿದರೂ ಊರಿನ ಪದವಿಯ ಕಾಗದಗಳನ್ನು ನ್ಯೂಯಾರ್ಕಿನ ಬಾರ್ ಪರೀಕ್ಷಾ ಮಂಡಳಿಗೆ ಕಳಿಸಿ ಪರಿಶೀಲನೆ ಮಾಡಿಸಲೇಬೇಕು. ಅದನ್ನು ನಾನು ಅಲ್ಲಿಗೆ ಹೋಗಿ ಕ್ಲಾಸು ಶುರುವಾದ ಮೇಲೆ ಮಾಡಿದೆ. ಚಳಿಗಾಲದಲ್ಲಿ ಉತ್ತರ ಬಂತು. ನಿಮ್ಮ ಭಾರತದ ಪದವಿಯ ಮೇಲೆಯೇ ಪರೀಕ್ಷೆಗೆ ಕೂರಬಹುದು ಅನ್ನುವುದು ಅದರ ಸಾರಾಂಶ. ಲೈಬ್ರರಿಯಲ್ಲಿ ಕೂತು ಎರಡು ಸಲ ಓದಿದೆ. ಮೊದಲ ಸೆಮಿಸ್ಟರ್ ಫೀಸು ಕಟ್ಟಿಯಾಗಿತ್ತು, ಎರಡನೆಯದು ಕಟ್ಟುವುದಿತ್ತು. ಬಿಟ್ಟು ಬರಬಹುದಿತ್ತು. ಮನೆಗೆ ಏನಂತ ಹೇಳುವುದು? ಕಟ್ಟಿದೆ.

ನ್ಯೂಯಾರ್ಕ್ ನಗರದ ದೊಡ್ಡ ಕಾಲೇಜುಗಳಲ್ಲಿ ಈಗ ಒಂದು ವರ್ಷದ ಎಲ್‌ಎಲ್‌ಎಂ ಬೋಧನಾ ಶುಲ್ಕವೇ 75,000 ಡಾಲರ್ ದಾಟಿದೆ. ರೂಮು, ಊಟ, ಇನ್ಶೂರೆನ್ಸ್ ಬೇರೆ. ನಿಮ್ಮ ತೋಟ ಎಷ್ಟು ಎಕರೆ ಅಂತ ನಾನು ಕೇಳುವುದಿಲ್ಲ.

ಈಗ ನಾನಿರುವ ಬೆಂಗಳೂರಿನ ಆಫೀಸಿಗೆ ಸೇರಿದ ಹುಡುಗಿಯೊಬ್ಬಳು ನ್ಯೂಯಾರ್ಕ್ ಬಾರ್ ಪಾಸು ಮಾಡಿದ್ದಾಳೆ. ಎಲ್‌ಎಲ್‌ಎಂ ಇಲ್ಲ. ಇಲ್ಲೇ ಕೆಲಸ ಮಾಡುತ್ತಾ ಓದಿದಳು, ಜುಲೈಯಲ್ಲಿ ರಜೆ ಹಾಕಿ ಹೋಗಿ ಬರೆದು ಬಂದಳು. ಚಹಾ ಕುಡಿಯುವಾಗ ಒಂದು ದಿನ, “ಸಾರ್, ನೀವ್ಯಾಕೆ ಎಲ್‌ಎಲ್‌ಎಂ ಮಾಡಿದ್ರಿ?” ಅಂದಳು. ನ್ಯಾಯಶಾಸ್ತ್ರದಲ್ಲಿ ಮೊದಲಿಂದಲೂ ಆಸಕ್ತಿ ಅಂತ ಏನೋ ಹೇಳಿದೆ.

ಹಾಗಂತ ನಮ್ಮವರಿಗೆಲ್ಲ ನೇರ ದಾರಿ ಸಿಗುತ್ತದೆ ಅಂತ ಹೇಳುತ್ತಿಲ್ಲ. ಸಂಜೆ ಕಾಲೇಜು, ಅರೆಕಾಲಿಕ ಕೋರ್ಸು ಆದರೆ ಅವಧಿಯ ಲೆಕ್ಕದಲ್ಲಿ ತಕರಾರು ಬರಬಹುದು. ಅಂಚೆ ಶಿಕ್ಷಣ ಅಂದರೆ ಮುಗಿಯಿತು. ಒಬ್ಬೊಬ್ಬರ ಕಾಗದವನ್ನೂ ನೋಡಿ ಮಂಡಳಿಯೇ ತೀರ್ಮಾನ ಮಾಡುತ್ತದೆ. ಅದಕ್ಕೇ ಹೇಳುವುದು, ಸಾಲಕ್ಕೆ ಮೊದಲು ಅವರ ಉತ್ತರ ತರಿಸಿಕೊಳ್ಳಿ. ಅಂಕಪಟ್ಟಿ ವಿಶ್ವವಿದ್ಯಾಲಯದಿಂದ ನೇರವಾಗಿ ಅವರಿಗೆ ಹೋಗಬೇಕು. ನಿಮ್ಮ ಕೈಗೆ ಬಂದು, ಒಡೆದು, ಜೆರಾಕ್ಸ್ ಮಾಡಿಸಿ ಮತ್ತೆ ಅಂಟಿಸಿದ ಕವರು ನಡೆಯುವುದಿಲ್ಲ. ನನ್ನ ಮೊದಲ ಕವರಿಗೆ ಸೀಲೇ ಬಿದ್ದಿರಲಿಲ್ಲ. ತಮ್ಮ ಮತ್ತೆ ಹೋಗಿ ವಿಶ್ವವಿದ್ಯಾಲಯದ ಕಿಟಕಿ ಮುಂದೆ ನಿಂತು, ಕವರಿನ ಮಡಿಕೆ ಮೇಲೆ ಅರ್ಧ, ಕೆಳಗೆ ಅರ್ಧ ಬೀಳುವ ಹಾಗೆ ಸೀಲು ಒತ್ತಿಸಿ ಬಂದ. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಜುಲೈ ಪರೀಕ್ಷೆ ಮನಸ್ಸಿನಲ್ಲಿದ್ದರೆ ಹಿಂದಿನ ವರ್ಷದಲ್ಲೇ ಕೈ ಹಾಕಿ.

ಪರೀಕ್ಷೆ ಸುಲಭ ಅಂದುಕೊಳ್ಳಬೇಡಿ. ಫೆಬ್ರವರಿ ಮತ್ತು ಜುಲೈಯ ಕೊನೆಯ ಮಂಗಳವಾರ, ಬುಧವಾರ ನಡೆಯುತ್ತದೆ. ಒಂದು ದಿನ ಬರೆಯುವುದು, ಇನ್ನೊಂದು ದಿನ 200 ಬಹುಆಯ್ಕೆ ಪ್ರಶ್ನೆ. ಪಾಸಿಗೆ 400ಕ್ಕೆ 266 ಬೇಕು. ಮೂಲ ಕಾನೂನು ಪದವಿಯನ್ನೇ ಅಲ್ಲಿ ಓದಿದವರಿಗೆ ಫೀಸು 250 ಡಾಲರ್, ನಮಗೆ 750. 2028ರ ಜುಲೈಯಿಂದ ಪರೀಕ್ಷೆಯ ಮಾದರಿಯೇ ಬದಲಾಗಲಿದೆ, ಅದನ್ನೂ ನೋಡಿಕೊಳ್ಳಿ.

ನನಗೆ ಕೈ ಕೊಟ್ಟಿದ್ದು ಗೊತ್ತಿಲ್ಲದ ವಿಷಯಗಳಲ್ಲ, ಗೊತ್ತಿರುವ ವಿಷಯಗಳು. ಒಂದು ಉದಾಹರಣೆ. ಒಬ್ಬ ಕೇಳಿಕೊಂಡ ಅಂತ ಪಕ್ಕದ ಮನೆಯವನು ಸುಮ್ನೆ, ಸ್ನೇಹಕ್ಕೆ, ಬೇಲಿ ಸರಿ ಮಾಡಿಕೊಟ್ಟ. ವಾರ ಕಳೆದ ಮೇಲೆ ಇವನು ಖುಷಿಯಾಗಿ, 500 ಡಾಲರ್ ಕೊಡ್ತೀನಿ ಅಂದ. ಕೊಡಲಿಲ್ಲ. ಮಾತು ಕರಾರಾಗುತ್ತದಾ? ನಮ್ಮ 1872ರ ಕರಾರು ಕಾಯ್ದೆಯ ಸೆಕ್ಷನ್ 2(ಡಿ) ಓದಿದವನ ಕೈ ‘ಹೌದು’ ಕಡೆಗೆ ಹೋಗುತ್ತದೆ. ಕೇಳಿಕೊಂಡ ಮೇಲೆ ಮಾಡಿದ್ದು, ಹಿಂದೆ ಮಾಡಿದ್ದಾದರೂ ಇಲ್ಲಿ ಪ್ರತಿಫಲವೇ, ಅಂದರೆ ಕೊಟ್ಟ ಮಾತಿಗೆ ಬದಲಾಗಿ ಸಿಕ್ಕಿದ್ದೇ. ಅಲ್ಲಿ ಹಿಂದಿನ ಪ್ರತಿಫಲ ಪ್ರತಿಫಲವಲ್ಲ. ಕಾಲೇಜಿನಲ್ಲಿ ನನಗೆ ಜಾಸ್ತಿ ಅಂಕ ಬಂದದ್ದೇ ಕರಾರು ಕಾಯ್ದೆಯಲ್ಲಿ, ಪ್ರಾಕ್ಟೀಸ್ ಪೇಪರಿನಲ್ಲಿ ಜಾಸ್ತಿ ತಪ್ಪಿದ್ದೂ ಅಲ್ಲೇ. ಇದನ್ನು ತಿದ್ದಿಕೊಳ್ಳಲು ಎಲ್‌ಎಲ್‌ಎಂ ಕ್ಲಾಸು ನೆರವಾಗಲಿಲ್ಲ. ಕೋಚಿಂಗಿನವರ ಪ್ರಶ್ನೆಗಳನ್ನು ಮಾಡಿ ಮಾಡಿ ಸರಿಹೋಯಿತು. ಅದನ್ನು ದಾವಣಗೆರೆಯಲ್ಲಿ ಕೂತೂ ಮಾಡಬಹುದು.

ಪಾಸಾದ ಮೇಲೂ ಕೆಲಸ ಉಳಿದಿರುತ್ತದೆ. 50 ಗಂಟೆ ಉಚಿತ ಕಾನೂನು ನೆರವು ಕೊಟ್ಟಿರಬೇಕು. ಅದನ್ನು ಭಾರತದಲ್ಲೂ ಮಾಡಬಹುದು, ಮೇಲ್ವಿಚಾರಣೆ ಮಾಡಿದ ವಕೀಲರ ಸಹಿ ಬೇಕು. ನೀವು ಕೋರ್ಟಿನಲ್ಲೇ ಇರುವವರು, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಈಗಲೇ ಶುರು ಮಾಡಿ. ಕೆಲಸದ ಕೌಶಲ ತೋರಿಸಬೇಕು ಅನ್ನುವ ಇನ್ನೊಂದು ನಿಯಮಕ್ಕೆ ನಿಮ್ಮ ಪೂರ್ಣಾವಧಿ ಪ್ರಾಕ್ಟೀಸೇ ಸಾಕಾಗಬಹುದು. ಇದು ನಿಮ್ಮ ಬಲ. ಕಾಲೇಜು ಮುಗಿಸಿ ಸೀದಾ ಹೋದವರಿಗೆ ಇದಿಲ್ಲ.

ಇನ್ನು ನೀವು ಬರೆದ “ಬಾರ್ ಆದರೆ ಅಲ್ಲೇ ಕೆಲಸ ಸಿಕ್ಕಿ ಸಾಲ ತೀರುತ್ತದೆ” ಅನ್ನುವ ಮಾತು. ಇಲ್ಲ ಸ್ವಾಮಿ. ಲೈಸೆನ್ಸು ಬೇರೆ, ವೀಸಾ ಬೇರೆ. ಎಲ್‌ಎಲ್‌ಎಂ ಮಾಡಿದವರಿಗೆ ಒಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅನುಮತಿ, 12 ತಿಂಗಳು; ವಿಜ್ಞಾನ, ಎಂಜಿನಿಯರಿಂಗ್ ಓದಿದ ಸ್ಟೆಮ್‌ನವರಿಗೆ ಸಿಗುವ ವಿಸ್ತರಣೆ ನಮಗಿಲ್ಲ. ಆಮೇಲೆ ಎಚ್-1ಬಿ ಅನ್ನುವ ಕೆಲಸದ ವೀಸಾದ ಲಾಟರಿ. ನಾನೊಂದು ಚಿಕ್ಕ ಆಫೀಸಿನಲ್ಲಿ ವಲಸೆ ಕೇಸುಗಳ ಫಾರಂ ತುಂಬುತ್ತಿದ್ದೆ. ಬೇರೆಯವರ ವೀಸಾಗೆ ಅರ್ಜಿ ಬರೆದೆ, ನನ್ನದು ಲಾಟರಿಯಲ್ಲಿ ಏಳಲಿಲ್ಲ. ವಾಪಸ್ ಬಂದೆ. ಈಗ ಅಮೆರಿಕದ ಕಂಪನಿಯೊಂದರ ಬೆಂಗಳೂರು ಕಚೇರಿಯಲ್ಲಿ ಕರಾರು ನೋಡುವ ಕೆಲಸ. ಪೂರ್ಣಾವಧಿ ಸಂಬಳದ ನೌಕರಿ ಆದ್ದರಿಂದ ಇಲ್ಲಿನ ವಕೀಲಿಕೆಯ ಸನ್ನದು ಅಮಾನತಿನಲ್ಲಿಟ್ಟಿದ್ದೇನೆ. ನ್ಯೂಯಾರ್ಕ್ ಲೈಸೆನ್ಸಿನಿಂದ ಲಾಭ ಇಲ್ಲವೇ ಇಲ್ಲ ಅಂತಲ್ಲ, ರಾತ್ರಿ ಕಾಲ್‌ನಲ್ಲಿ ಅಲ್ಲಿನ ವಕೀಲರು ನನ್ನ ಮಾತನ್ನು ಕೊನೆವರೆಗೂ ಕೇಳುತ್ತಾರೆ. ಆದರೆ ಆ ಲಾಭ ಎಲ್‌ಎಲ್‌ಎಂ ಇಲ್ಲದೆಯೂ ಸಿಗುತ್ತಿತ್ತು. ಡಾಲರಿನಲ್ಲಿ ಖರ್ಚಾದ ಸಾಲವನ್ನು ರೂಪಾಯಿ ಸಂಬಳದಲ್ಲಿ ತೀರಿಸುತ್ತಿದ್ದೇನೆ. ಸೈಟಿನ ಪತ್ರ ಇನ್ನೂ ಬ್ಯಾಂಕಿನಲ್ಲೇ ಇದೆ.

ಎಲ್‌ಎಲ್‌ಎಂ ಯಾರಿಗೆ? ಸ್ಕಾಲರ್‌ಶಿಪ್ ಸಿಕ್ಕವರಿಗೆ, ಪಾಠ ಮಾಡುವ ಆಸೆ ಇರುವವರಿಗೆ, ಪದವಿಯಲ್ಲಿ ಕೊರತೆ ಇದೆ ಅಂತ ಮಂಡಳಿಯೇ ಹೇಳಿದವರಿಗೆ. ಬಾರ್‌ಗೋಸ್ಕರ ಅಂತ ಅಡ ಇಟ್ಟು ಬೇಡವೇ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಚಾಲ್ತಿ ಸನ್ನದು ಇರುವ ಭಾರತದ ವಕೀಲರು ಎಲ್‌ಎಲ್‌ಎಂ ಇಲ್ಲದೆ ಬರೆಯಬಹುದು. ಇಂಗ್ಲೆಂಡಿನಲ್ಲಿ 2021ರಿಂದ ಎಸ್‌ಕ್ಯೂಇ ಅನ್ನುವ ಸಾಲಿಸಿಟರ್ ಅರ್ಹತಾ ಪರೀಕ್ಷೆ ಬಂದಿದೆ, ಅದಕ್ಕೂ ಎಲ್‌ಎಲ್‌ಎಂ ಕೇಳುವುದಿಲ್ಲ.

ನಿಮ್ಮದು 3 ವರ್ಷದ ಕೋರ್ಸಾ, 5 ವರ್ಷದ್ದಾ, ಹಗಲು ಕಾಲೇಜಾ ಅಂತ ಬರೆದಿಲ್ಲ. ಕೆಳಗೆ ಹಾಕಿ, ಫಾರಂ ತುಂಬಲು ನಾನೇ ಜೊತೆಗಿರುತ್ತೇನೆ. ಬ್ಯಾಂಕಿನವರು ಫೋನ್ ಮಾಡಿದರೆ ಮುಂದಿನ ವರ್ಷ ನೋಡೋಣ ಅನ್ನಿ.