ಕೊಳವೆಬಾವಿಯ ಕತೆ ಕಳಿಸಿದವರಿಗೆ

ಪ್ರಿಯ ಕತೆಗಾರರೇ,

ನಿಮ್ಮ ಕತೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪತ್ರವಿಡೀ ನೀವು ಈ ಒಂದು ಉತ್ತರವನ್ನೇ ಹುಡುಕುತ್ತಾ ಓದುತ್ತೀರಿ. ಹಾಗೆಂದು ಆಸೆ ಬಿಡಬೇಕಾಗಿಲ್ಲ. ಕೈಬಿಡುವ ಕತೆಗೆ ನಾವು ಎರಡು ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ.

ಕತೆ ಇಷ್ಟು: ಮುಳಬಾಗಿಲು ಕಡೆಯ ಒಂದು ಹಳ್ಳಿ. ಮುನಿಯಪ್ಪನ ಹಿಪ್ಪುನೇರಳೆ ತೋಟ ಒಣಗುತ್ತಿದೆ, ಹಳೆಯ ಬೋರು ಬತ್ತಿದೆ. ಹೆಂಡತಿಯ ಸರ ಅಡವಿಟ್ಟು ಹೊಸ ಬೋರು ಕೊರೆಸುತ್ತಾನೆ. 1,400 ಅಡಿ ಹೋದರೂ ನೀರಿಲ್ಲ. ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡುತ್ತಾನೆ. ಆಮೇಲೆ ಬದುವಿನ ಮೇಲೆ ಕುಳಿತು ಆಕಾಶ ನೋಡುತ್ತಾನೆ, ಒಂದು ಮೋಡ ತೇಲಿಹೋಗುತ್ತದೆ. ಕತೆಯ ಹೆಸರು ‘ಒಂದು ಫ್ಯೂಟೈಲ್ ಪ್ರಯತ್ನ’, ಅಂದರೆ ಫಲ ಕೊಡದ ಪ್ರಯತ್ನ.

ಹೆಸರಿನಲ್ಲಿ ಒಂದು, ಒಳಗೆ ಆರು, ಒಟ್ಟು ಏಳು ಕಡೆ ಈ ‘ಫ್ಯೂಟೈಲ್’ ಬಂದಿದೆ. ಇಂಗ್ಲಿಷ್ ಪದ ಎಂಬ ಕಾರಣಕ್ಕೆ ನನ್ನ ತಕರಾರಿಲ್ಲ. ಬೋರು, ಮೋಟರು, ಕೇಸಿಂಗ್ ಪೈಪು, ಪಾಯಿಂಟು ಎಲ್ಲವೂ ಇಂಗ್ಲಿಷಿನವೇ. ಅವಿಲ್ಲದೆ ಕೋಲಾರ ಜಿಲ್ಲೆಯ ರೈತ ಒಂದು ದಿನವೂ ಮಾತಾಡಲಾರ. ಅವು ಬೋರು ಕೊರೆಯುವ ಲಾರಿಯ ಜೊತೆ ಹೊಲಕ್ಕೆ ಇಳಿದ ಪದಗಳು. ‘ಫ್ಯೂಟೈಲ್’ ಬಂದದ್ದು ನಿಮ್ಮ ಜೊತೆ.

ಎರಡನೆಯ ಪುಟ ನೋಡಿ. ‘ಮುನಿಯಪ್ಪ ತನ್ನ ಫ್ಯೂಟೈಲ್ ಪ್ರಯತ್ನವನ್ನು ಆರಂಭಿಸಿದ’ ಎಂದು ಬರೆದಿದ್ದೀರಿ. ಲಾರಿ ಇನ್ನೂ ಹೊಲಕ್ಕೆ ಬಂದಿಲ್ಲ, ಪೂಜೆಯ ತೆಂಗಿನಕಾಯಿ ಒಡೆದಿಲ್ಲ. ಅಷ್ಟರಲ್ಲೇ ನೀರು ಬರುವುದಿಲ್ಲ ಎಂದು ನೀವು ಸಾರಿಬಿಟ್ಟಿರಿ. ಮುನಿಯಪ್ಪನಿಗೆ ಅದು ಗೊತ್ತಿಲ್ಲ. ಗೊತ್ತಿದ್ದರೆ ಸರ ಅಡವಿಡುತ್ತಿದ್ದನೇ? ದುಡಿಮೆ ದಂಡವಾಯಿತು ಎಂಬುದು ಮುಗಿದ ಮೇಲೆ ತಿಳಿಯುವ ಸಂಗತಿ. ಅದನ್ನು ಆರಂಭದಲ್ಲೇ ವಿಶೇಷಣವಾಗಿ ಅಂಟಿಸಿದರೆ ಓದುಗ ಮುನಿಯಪ್ಪನ ಪಕ್ಕ ನಿಲ್ಲುವುದಿಲ್ಲ. ನಿಮ್ಮ ಜೊತೆ ಎತ್ತರದಲ್ಲಿ ನಿಂತು, ಅವನು ಸೋಲುವುದನ್ನು ಕಾಯುತ್ತಾನೆ.

ಇನ್ನು ಕೊರೆಯುವ ರಾತ್ರಿ. ಕತೆಯ ಜೀವ ಅಲ್ಲಿದೆ, ನೀವು ಅದಕ್ಕೆ ಕೊಟ್ಟಿರುವುದು ಒಂದೇ ವಾಕ್ಯ: ‘ರಾತ್ರಿಯಿಡೀ ನಡೆದ ಆ ಫ್ಯೂಟೈಲ್ ಕೆಲಸ ಬೆಳಗಿನ ಜಾವಕ್ಕೆ ಮುಗಿಯಿತು.’ ಬೋರು ಕೊರೆಸುವುದನ್ನು ಹತ್ತಿರದಿಂದ ನೋಡಿದವರು ಹೀಗೆ ಬರೆದು ಮುಂದೆ ಹೋಗಲಾರರು. ಮೊದಲು ಮಣ್ಣು, ಮೆತ್ತನೆಯ ಕಲ್ಲು. ಅಲ್ಲಿಯವರೆಗೆ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರೆ. ಆಮೇಲೆ ಗಟ್ಟಿ ಬಂಡೆ, ರಾಡಿಗೆ ರಾಡು ಸೇರಿಸುತ್ತಾ ಹೋಗುವುದು. ಕಂಪ್ರೆಸರಿನ ಗಾಳಿಗೆ ಕಲ್ಲಿನ ಹುಡಿ ಚಿಮ್ಮಿ ಗಿಡಗಳ ಮೇಲೆ, ತಲೆಗೂದಲ ಮೇಲೆ, ಕಾಫಿ ಲೋಟದ ಮೇಲೆ ಕೂರುತ್ತದೆ. ಎಲ್ಲರ ಕಣ್ಣೂ ಆ ಹುಡಿಯ ಮೇಲೆ. ಹುಡಿ ಒದ್ದೆಯಾಗಿ ಉಂಡೆಗಟ್ಟಿದರೆ ಸಾಕು, ಮಲಗಿದವರೆಲ್ಲ ಎದ್ದು ಬರುತ್ತಾರೆ. ನಮ್ಮ ಬಯಲುಸೀಮೆಯ ಗಟ್ಟಿ ಕಲ್ಲಿನಲ್ಲಿ ನೀರಿರುವುದು ಬಿರುಕುಗಳಲ್ಲಿ. ಬಿರುಕು ಸಿಕ್ಕರೆ ನೀರು, ತಪ್ಪಿದರೆ ಧೂಳು. ಪಕ್ಕದ ಹೊಲದವನಿಗೆ ಎರಡು ಇಂಚು ನೀರು ಬಿದ್ದಿರುತ್ತದೆ, ಅಲ್ಲಿಂದ ಕೂಗಳತೆಯಲ್ಲಿ ಇವನಿಗೆ ಏನೂ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಲೆಕ್ಕ. ಆಳ ಹೆಚ್ಚಿದಂತೆ ಸಾಮಾನ್ಯವಾಗಿ ಅಡಿಯ ದರವೂ ಏರುತ್ತದೆ. ಮೊದಲ 300 ಅಡಿಗೆ ಇರುವ ದರ 1,000 ಅಡಿ ದಾಟಿದ ಮೇಲೆ ಇರುವುದಿಲ್ಲ. ಅಂದರೆ ನೀರಿನ ಆಸೆ ಕಡಿಮೆಯಾಗುತ್ತಾ ಹೋದಂತೆ ಒಂದೊಂದು ಅಡಿಯೂ ದುಬಾರಿಯಾಗುತ್ತಾ ಹೋಗುತ್ತದೆ. ಲಾರಿಯವನು ಯಂತ್ರ ನಿಲ್ಲಿಸಿ, ‘ಏನು ಮಾಡೋಣ? ಇನ್ನೊಂದು ನೂರು ನೋಡೋಣವೇ?’ ಎಂದು ಕೇಳುತ್ತಾನಲ್ಲ, ಆ ಕ್ಷಣ ನಿಮ್ಮ ಕತೆಯಲ್ಲಿ ಇಲ್ಲವೇ ಇಲ್ಲ. ಬೇಡವೆಂದರೆ ಹಾಕಿದ್ದೆಲ್ಲ ಮಣ್ಣುಪಾಲು. ಸರಿ ಎಂದರೆ ಸರದ ದುಡ್ಡು ಮುಗಿದು ಕೈಸಾಲ ಶುರು. ಮುನಿಯಪ್ಪ ಎಷ್ಟು ಸಲ ‘ಹೂಂ’ ಎಂದ? ಹೆಂಡತಿಯ ಮುಖ ನೋಡಿ ಅಂದನೋ, ನೋಡದೆ ಅಂದನೋ? ನನಗೆ ಬೇಕಾದ ಕತೆ ಇದು.

ಇನ್ನೊಂದು ಮಾತು. ಈ ಕೆಲಸದಿಂದ ಏನೂ ಗಿಟ್ಟಲಿಲ್ಲ ಎಂದು ನೀವು ಏಳು ಸಲ ಹೇಳುತ್ತೀರಿ. ಯಾರಿಗೆ ಗಿಟ್ಟಲಿಲ್ಲ? ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಎಲ್ಲಿ ಕೊರೆಯಬೇಕೆಂಬ ಪಾಯಿಂಟು ತೋರಿಸಿದವನು ದಕ್ಷಿಣೆ ಪಡೆದ. ಕೇಸಿಂಗ್ ಮಾರಿದವನು ಹಣ ಎಣಿಸಿದ. ಲಾರಿಯವನು ನೀರು ಬರಲಿ ಬಿಡಲಿ ಅಡಿಗಿಷ್ಟು ಎಂದು ವಸೂಲಿ ಮಾಡಿದ, ಲೇವಾದೇವಿಯವನಿಗೆ ಬಡ್ಡಿ ಶುರುವಾಯಿತು. ನಮ್ಮ ಕಡೆ ಬರುವ ಬೋರಿನ ಲಾರಿಗಳಲ್ಲಿ ಎಷ್ಟೋ ತಮಿಳುನಾಡಿನ ತಿರುಚೆಂಗೋಡಿನವು. ಒಂದು ಊರಿಗೆ ಊರೇ ಈ ಉದ್ಯಮದಿಂದ ಹೆಸರು ಮಾಡಿದೆ. ಹಾಗಾದರೆ ಆ ರಾತ್ರಿ ಹೊಲದಲ್ಲಿದ್ದವರಲ್ಲಿ ಬರಿಗೈಯಲ್ಲಿ ಹೋದದ್ದು ಮುನಿಯಪ್ಪನ ಮನೆಯವರು ಮಾತ್ರ. ನಿಮ್ಮ ವಿಶೇಷಣ ಈ ಲೆಕ್ಕವನ್ನೆಲ್ಲ ಅಳಿಸಿಹಾಕಿ, ವಿಧಿಯೇ ಹೀಗೆ ಮಾಡಿತು ಎಂಬ ಭಾವ ತರುತ್ತದೆ. ಲೆಕ್ಕ ಬರೆಯಿರಿ, ಕೋಪ ಓದುಗನಿಗೇ ಬರುತ್ತದೆ.

ಸರಿ, ‘ಫ್ಯೂಟೈಲ್’ ತೆಗೆದು ‘ವ್ಯರ್ಥ’ ಹಾಕುತ್ತೇನೆ ಎಂದು ದಯವಿಟ್ಟು ಹೊರಡಬೇಡಿ. ಅದೇ ಕೆಲಸವನ್ನು ಸಂಸ್ಕೃತದಲ್ಲಿ ಮಾಡಿದಂತಾಗುತ್ತದೆ. ಗಾದೆಗಳ ಕಡೆಗೂ ಅವಸರದಲ್ಲಿ ಕೈಚಾಚಬೇಡಿ. ಬೆಟ್ಟ ಅಗೆದವನಿಗೆ ಇಲಿಯಾದರೂ ಸಿಕ್ಕಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವನನ್ನು ಜನ ನೋಡಿ ನಗುತ್ತಾರೆ. ಈ ಗಾದೆಗಳು ಹುಟ್ಟಿದ್ದೇ ಜಗಲಿಯ ಮೇಲೆ ಕುಳಿತು ನೋಡುವವರ ಬಾಯಲ್ಲಿ. ಅರಳಿಕಟ್ಟೆಯಲ್ಲಿ ಮರುದಿನ ಒಬ್ಬ ಹೀಗೆ ಆಡಿಕೊಂಡರೆ ಚೆನ್ನಾಗಿರುತ್ತದೆ, ನಿರೂಪಕ ಆಡಿಕೊಳ್ಳುವಂತಿಲ್ಲ.

ಏಳರಲ್ಲಿ ಒಂದನ್ನು ಮಾತ್ರ ಮುಟ್ಟಬೇಡಿ. ಐದನೆಯ ಪುಟದಲ್ಲಿ ಮಗ ಫೋನಿನಲ್ಲಿ ಹೇಳುತ್ತಾನೆ: ‘ಇದೆಲ್ಲ ಫ್ಯೂಟೈಲ್ ಅಪ್ಪಾ, ಬಿಟ್ಟುಬಿಡು.’ ಅಪ್ಪ, ‘ಏನಂದೆ?’ ಎನ್ನುತ್ತಾನೆ. ಮಗ, ‘ಏನಿಲ್ಲ’ ಎನ್ನುತ್ತಾನೆ. ಇಡೀ ಕತೆಯಲ್ಲಿ ಅತ್ಯುತ್ತಮ ಜಾಗ ಇದು, ಪ್ರಾಯಶಃ ನಿಮಗೇ ಅದರ ಅರಿವಿಲ್ಲ. ಏಕೆಂದರೆ ಮುಂದಿನ ಸಾಲಿನಲ್ಲೇ ‘ತಂದೆ ಮಗನ ನಡುವೆ ಭಾಷೆಯ ಗೋಡೆ ಎದ್ದಿತ್ತು’ ಎಂದು ವಿವರಿಸಲು ಹೊರಟಿದ್ದೀರಿ. ಆ ಸಾಲು ಹೊಡೆದುಹಾಕಿ. ಆ ಹುಡುಗನನ್ನು ಓದಿಸಿದ್ದು ಇದೇ ತೋಟದ ರೇಷ್ಮೆಗೂಡಿನ ದುಡ್ಡು ಎಂದು ಮೊದಲ ಪುಟದಲ್ಲೇ ಬಂದಿದೆ, ಓದುಗ ಮರೆತಿರುವುದಿಲ್ಲ. ಉಳಿದ ಆರು ಕಡೆ ಪದ ಹೋದರೆ ಇಲ್ಲಿ ಅದಕ್ಕೆ ಏಟಿನ ಬಲ ಬರುತ್ತದೆ.

ಕಾಲದ ಗೊಂದಲವೂ ಒಂದಿದೆ. ಮಗ ವಿಡಿಯೊ ಕರೆ ಮಾಡುವುದನ್ನು, ಊರಿನವರು ಕೋವಿಡ್ ನೆನೆಯುವುದನ್ನು ನೋಡಿದರೆ ಇದು 2020ರ ನಂತರದ ಕತೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದ್ದು 2018ರಲ್ಲಿ. ನಿಮ್ಮ ಊರಿನ ಕೆರೆಗೆ ಅದು ಬಂತೋ ಇಲ್ಲವೋ ಎಂದು ಕೋಲಾರದ ಓದುಗ ಕೇಳಿಯೇ ಕೇಳುತ್ತಾನೆ. ಬಂದಿಲ್ಲವಾದರೆ ಒಂದು ವಾಕ್ಯ ಸಾಕು: ಪಕ್ಕದೂರಿನ ಕೆರೆ ತುಂಬಿದೆ, ನಮ್ಮದಕ್ಕೆ ಕಾಲುವೆ ತಿರುಗಿಲ್ಲ.

ಎತ್ತು ಕಟ್ಟಿ ನೀರೆತ್ತುತ್ತಿದ್ದ ಅಜ್ಜನ ಕಾಲದ ಕಪಿಲೆ ಬಾವಿಯಲ್ಲಿ ಈಗ ಟೊಮೆಟೊ ಗಿಡಕ್ಕೆ ಕಟ್ಟುವ ಕಡ್ಡಿಗಳನ್ನು ಪೇರಿಸಿಟ್ಟಿದ್ದಾರೆ ಎಂದು ಬರೆದಿದ್ದೀರಲ್ಲ, ಅದಕ್ಕೆ ಶಾಬಾಸ್. ಅಲ್ಲಿ ನೀವು ಯಾವ ವಿಶೇಷಣವನ್ನೂ ಬಳಸಿಲ್ಲ.

ಕೊನೆಯ ಮೋಡ ಬೇಡ. ಬರದ ಬಗ್ಗೆ ನಮಗೆ ಬರುವ ಕತೆಗಳಲ್ಲಿ ಅರ್ಧಕ್ಕರ್ಧ ಮೋಡದಿಂದಲೇ ಮುಗಿಯುತ್ತವೆ. ಲಾರಿಯವರು ಹೊರಟ ಮೇಲೆ ಮಾಡಬೇಕಾದ ಕೆಲಸ ಇದ್ದೇ ಇರುತ್ತದೆ. ಆರೂವರೆ ಇಂಚಿನ ಆ ತೂತಿಗೆ ಮಕ್ಕಳು ಬೀಳದಂತೆ ಮುಚ್ಚಳ ಹಾಕಬೇಕು, ಕೇಸಿಂಗ್ ಕಿತ್ತು ಬೇರೆಡೆ ಬಳಸಲು ಬರುತ್ತದೆಯೇ ನೋಡಬೇಕು, ಬೆಳಿಗ್ಗೆ ಡೇರಿಗೆ ಹಾಲು ಹಾಕಬೇಕು. ಮುನಿಯಪ್ಪ ಇವುಗಳಲ್ಲಿ ಯಾವುದನ್ನು ಮೊದಲು ಮಾಡುತ್ತಾನೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಹೆಸರನ್ನೂ ಬದಲಿಸಿ. ತಿದ್ದಿದ ಪ್ರತಿಯನ್ನು ಯಾವಾಗ ಬೇಕಾದರೂ ಕಳಿಸಿ, ನಾನೇ ಓದುತ್ತೇನೆ. ಈ ಸಲ ಯೂನಿಕೋಡ್‌ನಲ್ಲಿ ಇರಲಿ. ನೀವು ಕಳಿಸಿದ ಕಡತದಲ್ಲಿ ಒತ್ತಕ್ಷರಗಳೆಲ್ಲ ಒಡೆದು ಹೋಗಿದ್ದವು.

ಇತಿ,
ಸಂಪಾದಕ