ಟ್ಯಾಂಕರ್ ಬರುವ ದಿನ ಮಗಳು ಶಾಲೆಗೆ ರಜೆ

ಪ್ರಶ್ನೆ: ಬರ ಬಿದ್ದರೆ ಇಡೀ ಊರಿಗೇ ಕಷ್ಟ. ಹವಾಮಾನ ಬದಲಾವಣೆಯಿಂದ ಹೆಣ್ಣುಮಕ್ಕಳಿಗೇ ಪೆಟ್ಟು ಜಾಸ್ತಿ ಅನ್ನುವುದು ಸುಮ್ನೆ ಮಾತಲ್ವಾ? ಬಿಸಿಲೇನು ಗಂಡು, ಹೆಣ್ಣು ನೋಡಿ ಬೀಳುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಸಿಲು ಎಲ್ಲರ ಮೇಲೂ ಒಂದೇ ಥರ ಬೀಳುತ್ತದೆ. ಆದರೆ ಅದು ಹೆಚ್ಚಿಸುವ ಕೆಲಸ ಯಾರ ಪಾಲಿಗೆ ಬರುತ್ತದೆ ನೋಡಿ.

2023ರಲ್ಲಿ ಮಳೆ ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಭೂಮಿ ಬಿಸಿಯಾದಷ್ಟೂ ಇಂಥ ವರ್ಷಗಳ ಅಪಾಯ ಹೆಚ್ಚು. ಊರಿನ ಬೋರ್‌ವೆಲ್ ಬತ್ತಿದರೆ ಟ್ಯಾಂಕರೇ ಗತಿ. ಅದು ಬರುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ. ಬೆಳಿಗ್ಗೆಯಿಂದ ಕೊಡ ಸಾಲಿಗಿಟ್ಟು ಯಾರಾದರೂ ಕಾಯಬೇಕು. ಅಮ್ಮ ಕೂಲಿಗೆ ಹೋಗಿದ್ದರೆ ಅಲ್ಲಿ ಕೂರುವುದು ಮಗಳು. ಅಣ್ಣ ಶಾಲೆಗೆ ಹೋಗಿರುತ್ತಾನೆ. ತುಂಬಿದ ಕೊಡ 15 ಕೆಜಿಯಷ್ಟು ತೂಗುತ್ತದೆ, ಒಂದು ಮನೆಗೆ ಒಂದೇ ಕೊಡ ಸಾಲುವುದೂ ಇಲ್ಲ.

ಇನ್ನೊಂದು ಮಾತು, ಇದನ್ನು ಹೆಂಗಸರು ಬಾಯಿಬಿಟ್ಟು ಹೇಳುವುದು ಕಡಿಮೆ. ಹೊಲದಲ್ಲಿ ಗಂಡಸರು ಗಿಡದ ಮರೆಗೆ ಹೋಗಿ ಬಂದುಬಿಡುತ್ತಾರೆ. ಹೆಂಗಸರು ಆ ತಾಪತ್ರಯವೇ ಬೇಡ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಸುಡುಬಿಸಿಲಲ್ಲಿ ಹಾಗೆ ದುಡಿದರೆ ಉರಿಮೂತ್ರ, ತಲೆಸುತ್ತು. ಬಸುರಿಯರಿಗೆ ವಿಪರೀತ ಸೆಕೆಯಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವೂ ಜಾಸ್ತಿ.

ಮಹಾರಾಷ್ಟ್ರದ ಬೀಡ್ ಜಿಲ್ಲೆಗೆ ಬರ ಹೊಸದಲ್ಲ. ಅಲ್ಲಿಂದ ಗಂಡ–ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಗುಳೆ ಹೊರಡುತ್ತಾರೆ. ನಮ್ಮ ಬೆಳಗಾವಿ ಕಡೆಯ ಗದ್ದೆಗಳಿಗೂ ಬರುತ್ತಾರೆ. ಕೂಲಿಗಳನ್ನು ಕರೆತರುವ ಗುತ್ತಿಗೆದಾರ, ಅಂದರೆ ಮುಕಾದಮ, ಮುಂಗಡ ಕೊಡುವುದು ಜೋಡಿಗೆ. ಆ ಜೋಡಿಯನ್ನು ಅಲ್ಲಿ ‘ಕೊಯ್ತಾ’ ಅಂತ ಕರೆಯುತ್ತಾರೆ, ಅಂದರೆ ಕುಡುಗೋಲು. ಇಬ್ಬರು ಮನುಷ್ಯರಿಗೆ ಸೇರಿ ಒಂದು ಕುಡುಗೋಲಿನ ಹೆಸರು! ಒಬ್ಬರು ಒಂದು ದಿನ ತಪ್ಪಿಸಿದರೂ ಮುಕಾದಮ ದಂಡ ಹಿಡಿಯುತ್ತಾನೆ. ಮುಟ್ಟಿನ ಹೊಟ್ಟೆನೋವಿಗೂ ರಜೆಯಿಲ್ಲ. 2019ರಲ್ಲಿ ಸರ್ಕಾರದ ಸಮಿತಿಯೊಂದು ಅಲ್ಲಿನ ಸುಮಾರು 82,000 ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿತು. 13,800ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಇದಕ್ಕೆಲ್ಲ ಹವಾಮಾನವೇ ಕಾರಣ ಅಂದರೆ ತಪ್ಪಾದೀತು. ಸಾಲವಿದೆ, ಬೇಕಿಲ್ಲದಿದ್ದರೂ ಆಪರೇಷನ್ ಮಾಡುವ ಡಾಕ್ಟರುಗಳಿದ್ದಾರೆ. ಆದರೆ ಸ್ವಂತ ಹೊಲದಲ್ಲಿ ಬೆಳೆ ನಿಂತಿದ್ದರೆ ಎಷ್ಟೋ ಜೋಡಿಗಳು ಆ ಮುಂಗಡ ಮುಟ್ಟುತ್ತಲೇ ಇರಲಿಲ್ಲ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಕಟ್ಟಡ ಕೆಲಸಕ್ಕೆ ಯಾದಗಿರಿ ಕಡೆಯಿಂದ ಒಂದು ಕುಟುಂಬ ಬಂದಿದೆ. ಮಳೆಯಿಲ್ಲದೆ ಊರು ಬಿಟ್ಟವರು. 12 ವರ್ಷದ ಮಗಳು 3 ವರ್ಷದ ತಮ್ಮನನ್ನು ನೋಡಿಕೊಂಡು ಶೆಡ್‌ನಲ್ಲೇ ಇರುತ್ತಾಳೆ. ಟಿಸಿ ಇಲ್ಲವಂತೆ. ಶಾಲೆಗೆ ಸೇರಿಸಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಸೇರಿಸಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 14 ವರ್ಷದವರೆಗಿನ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಟಿಸಿ ತಡವಾಯಿತು ಅಂತ ವಾಪಸ್ ಕಳಿಸುವಂತಿಲ್ಲ. ಹತ್ತಿರದ ಸರ್ಕಾರಿ ಶಾಲೆಗೆ ಆ ತಾಯಿಯ ಜೊತೆ ನೀವೂ ಹೋಗಿ. ಗೊತ್ತಿರುವವರು ಪಕ್ಕದಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ತಮ್ಮನನ್ನು ಅದೇ ದಿನ ಅಂಗನವಾಡಿಗೆ ಸೇರಿಸಿ, ಇಲ್ಲದಿದ್ದರೆ ವಾರದೊಳಗೆ ಅವಳು ಮತ್ತೆ ಶೆಡ್‌ನಲ್ಲೇ ಇರುತ್ತಾಳೆ. ಅವಳ ಮದುವೆ ಮಾತು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಳೆ ಬಿದ್ದು ಅವರು ಊರಿಗೆ ಹೊರಟರೆ, ಈ ಸಲ ಟಿಸಿ ಕೈಯಲ್ಲಿ ಹಿಡಿಸಿಯೇ ಬಸ್ ಹತ್ತಿಸಿ.