ಕರ್ನಾಟಕದಲ್ಲಿ ಸಿಗರೇಟ್ ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದ್ದನ್ನು ವಿರೋಧಿಸುವವರು ಇದ್ದೀರಾ? ಯಾಕೆ?

ನಾನಿದ್ದೇನೆ. ಸೇದುವವನಲ್ಲ, ಮಾರಿದವನು. ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ನಮ್ಮಪ್ಪನದ್ದೊಂದು ಬೀಡಾ ಅಂಗಡಿ ಇತ್ತು. ಕಾಲೇಜು ಮುಗಿಸಿ ಬಂದು ಸಂಜೆ ನಾನೇ ಕೂರುತ್ತಿದ್ದೆ.

18 ವರ್ಷದೊಳಗಿನವರಿಗೆ ತಂಬಾಕು ಮಾರುವುದಿಲ್ಲ ಅಂತ ಒಂದು ಬೋರ್ಡ್ ಹಾಕಿದ್ದೆವು. 2003ರಲ್ಲಿ ಬಂದ ಕೇಂದ್ರದ ಕಾಯ್ದೆ ಅದು. ಬೋರ್ಡಿನ ಮುಂದೆಯೇ ಪಾನ್ ಮಸಾಲಾ ಸರ ನೇತುಹಾಕುತ್ತಿದ್ದೆವು. ಸರ ಖಾಲಿಯಾದ ದಿನ ಮಾತ್ರ ಬೋರ್ಡ್ ಓದಬಹುದಿತ್ತು. ಆರನೇ ಕ್ಲಾಸಿನ ಹುಡುಗನೊಬ್ಬ ಹತ್ತು ರೂಪಾಯಿ ಮುದುರಿ ಹಿಡಿದು ಬರೋನು. "ಅಣ್ಣಾ, ಅಪ್ಪಾಜಿ ಸಿಗರೇಟ್ ತಗಂಡ್ ಬಾ ಅಂದ್ರು." ಅವರಪ್ಪ ಗೊತ್ತಿದ್ದವರೇ, ಹಾಗಾಗಿ ಕೊಡುತ್ತಿದ್ದೆ. ತಪ್ಪು ಮಾಡಿದೆ. ಮಕ್ಕಳ ಕೈಗೆ ತಂಬಾಕು ಕೊಟ್ಟರೆ 7 ವರ್ಷದವರೆಗೆ ಜೈಲು ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲಿದೆ. ನಾನು ಅಂಗಡಿಯಲ್ಲಿ ಕೂತಷ್ಟು ವರ್ಷ ಒಬ್ಬರೂ ಬಂದು ಕೇಳಲಿಲ್ಲ.

2025ರಲ್ಲಿ ರಾಜ್ಯದ ತಿದ್ದುಪಡಿ ಬಂತು, 18 ಇದ್ದದ್ದು 21 ಆಯಿತು. 18ನ್ನೇ ಯಾರೂ ನೋಡದಿದ್ದ ಮೇಲೆ 21ನ್ನು ನೋಡುತ್ತಾರಾ? ಬೋರ್ಡಿನ ಮೇಲಿನ ಅಂಕಿ ಬದಲಾಯಿತು, ಅಷ್ಟೇ.

ಇನ್ನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡೋ ಇಪ್ಪತ್ತರ ಹುಡುಗನನ್ನು ತಗೊಳ್ಳಿ. ಬೆಳಗಿನ ಜಾವದಿಂದ ಹೊಗೆಯಲ್ಲಿ ನಿಂತು ದುಡಿದು ಮನೆ ನಡೆಸುತ್ತಾನೆ. ಓಟು ಹಾಕುತ್ತಾನೆ, ತಪ್ಪು ಮಾಡಿದರೆ ದೊಡ್ಡವರ ಜೈಲಿಗೇ ಹೋಗುತ್ತಾನೆ. ಸಿಗರೇಟಿನ ವಿಷಯಕ್ಕೆ ಬಂದರೆ ಮಾತ್ರ ಅವನು ಚಿಕ್ಕ ಹುಡುಗ! ಸಂಜೆ ಗಿರಾಕಿಗಳು ಮುತ್ತಿಕೊಂಡಿರುವಾಗ ಅಂಗಡಿಯವನು ಅವನ ಆಧಾರ್ ಕಾರ್ಡ್ ಕೇಳಬೇಕಂತೆ. ಕೇಳಿ ನೋಡಿ, ಏನಂತಾನೆ ಅಂತ.

ಸಿಗರೇಟ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನಮ್ಮ ದೊಡ್ಡಪ್ಪನಿಗೆ ಗುಟ್ಕಾದಿಂದ ಕೊನೆಗೆ ತುತ್ತು ಹಿಡಿಸುವಷ್ಟೂ ಬಾಯಿ ತೆರೆಯಲು ಆಗುತ್ತಿರಲಿಲ್ಲ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಆಮೇಲೆ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಅಂಗೈಯಲ್ಲಿ ಎರಡನ್ನೂ ಬೆರೆಸಿ ಬಾಯಿಗೆ ಹಾಕಿಕೊಂಡರು, ದೊಡ್ಡಪ್ಪನೂ ಅಷ್ಟೇ.

ಅಮೆರಿಕದಲ್ಲೂ 2019ರಲ್ಲಿ 21 ಮಾಡಿದರಲ್ಲ ಅಂತ ಕೇಳಬಹುದು. ಅಲ್ಲಿನ ವಾದದಲ್ಲಿ ಹುರುಳಿದೆ. ಹೈಸ್ಕೂಲಿನಲ್ಲೇ 18 ತುಂಬಿದವರು ಇರುತ್ತಾರೆ, ಚಿಕ್ಕವರಿಗೆ ಅವರೇ ತಂದುಕೊಡುತ್ತಾರೆ, ಆ ದಾರಿ ಮುಚ್ಚಬೇಕು ಅಂತ. ನಮ್ಮಲ್ಲಿ ಆ ಸುತ್ತುದಾರಿ ಯಾರಿಗೆ ಬೇಕು? ಹದಿನೈದರವನಿಗೆ ಅಂಗಡಿಯೇ ಕೊಡುತ್ತೆ.

ವೇಪ್ ಕಥೆ ಇನ್ನೂ ಮಜಾ. ಇ-ಸಿಗರೇಟ್ ಮಾರಾಟ 2019ರಿಂದ ಇಡೀ ದೇಶದಲ್ಲೇ ನಿಷೇಧ. 18ರವರಿಗೂ ಇಲ್ಲ, 60ರವರಿಗೂ ಇಲ್ಲ. ಆದರೂ ನನ್ನ ಅಕ್ಕನ ಮಗನ ಹಾಸ್ಟೆಲಿನಲ್ಲಿ ಒಂದು ಸಿಕ್ಕಿತು. ನೋಡೋಕೆ ಪೆನ್‌ಡ್ರೈವ್ ಥರ, ಸ್ಟ್ರಾಬೆರಿ ವಾಸನೆ. ಕದ್ದು ಮಾರೋನು ವಯಸ್ಸು ಕೇಳ್ತಾನಾ?

ಅದೇ ತಿದ್ದುಪಡಿಯಲ್ಲಿ ನಾನು ಪೂರ್ತಿ ಒಪ್ಪುವ ಸಾಲೂ ಒಂದಿದೆ. ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ. ಅದೊಂದನ್ನು ಗಟ್ಟಿಯಾಗಿ ಜಾರಿ ಮಾಡಿದರೆ 21 ಬೇಕೇ ಇಲ್ಲ. ನಮ್ಮ ಅಂಗಡಿಗೆ ಬರುತ್ತಿದ್ದ ಕಾಲೇಜು ಹುಡುಗರಲ್ಲಿ ಇಡೀ ಪ್ಯಾಕ್ ಕೇಳಿದವರು ನನಗೆ ನೆನಪಿಲ್ಲ. ಇಬ್ಬರು ಸೇರಿ ಒಂದು ತಗೊಂಡು, ಅಂಗಡಿ ಕಂಬಕ್ಕೆ ಕಟ್ಟಿದ್ದ ಹಗ್ಗದ ಬೆಂಕಿಯಲ್ಲಿ ಹಚ್ಚಿಕೊಂಡು, ಅರ್ಧರ್ಧ ಎಳೆಯೋರು.